ಬಣ್ಣ ಬೆಟ್ಟದಿಂದ ಇಳಿದು ಬರುತ್ತದೆ: ವರ್ಜೀನಿಯಾದ ಫಾಲ್‌ನಲ್ಲಿ ಅಪ್ಪ ಅಮ್ಮನ ಜೊತೆ ನಾಲ್ಕು ದಿನ

ಪ್ರಶ್ನೆ: ನಾವು ವಾಷಿಂಗ್ಟನ್ ಡಿ.ಸಿ. ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿದ್ದೇವೆ. ಅಪ್ಪ ಅಮ್ಮ ಊರಿನಿಂದ ಮೊದಲ ಸಲ ಬಂದಿದ್ದಾರೆ. ನವೆಂಬರ್ ಎರಡನೇ ವಾರದ ತನಕ ಇರುತ್ತಾರೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಆದರೆ ಮಂಡಿ ನೋವು, ಮೆಟ್ಟಿಲು ಹತ್ತಲು ಕಷ್ಟ. ಅಮ್ಮನಿಗೆ ಗಿಡ ಮರ ಅಂದರೆ ಪ್ರಾಣ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವ ಹಾಗೆ ಹಳೆಯ ಸಣ್ಣ ಊರು, ಇತಿಹಾಸದ ಜಾಗ, ದ್ರಾಕ್ಷಿ ತೋಟ ಎಲ್ಲ ತೋರಿಸಬೇಕು ಅಂತ ಆಸೆ. ಮನೆಯಲ್ಲಿ ಯಾರೂ ವೈನ್ ಕುಡಿಯುವುದಿಲ್ಲ, ನನ್ನ ಗಂಡ ಯಾವಾಗಲಾದರೂ ಒಂದು ಲೋಟ ಅಷ್ಟೆ. ಗೆಳತಿಯೊಬ್ಬಳು ಹನ್ನೊಂದು ಜಾಗದ ಪಟ್ಟಿ ಕೊಟ್ಟಿದ್ದಾಳೆ. ನಮಗೆ ಸಿಗುವುದು ನಾಲ್ಕು ದಿನ, ಎಲ್ಲವನ್ನೂ ಅಕ್ಟೋಬರ್ ಮೂರನೇ ವಾರದಲ್ಲೇ ಮುಗಿಸೋಣ ಅಂತಿದ್ದೇವೆ. ಹೋದ ವರ್ಷ ಒಂದೇ ದಿನ ನಾಲ್ಕು ಕಡೆ ಸುತ್ತಿ, ಕಾರಿನಲ್ಲೇ ಸುಸ್ತಾಗಿ ಬಂದಿದ್ದೆವು. ಯಾವಾಗ, ಎಲ್ಲಿಗೆ ಹೋಗಲಿ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಹನ್ನೊಂದು ಜಾಗವೂ ಚೆನ್ನಾಗಿಯೇ ಇವೆ. ಎಡವಿರುವುದು ತಾರೀಖಿನಲ್ಲಿ. ಎಲ್ಲವನ್ನೂ ಅಕ್ಟೋಬರ್ ಮೂರನೇ ವಾರಕ್ಕೆ ತುರುಕಿದ್ದೀರಿ. ಫಾಲ್ (ಎಲೆ ಬಣ್ಣ ತಿರುಗಿ ಉದುರುವ ಕಾಲ) ಅಂದರೆ ಆ ವಾರವೇ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಇಲ್ಲಿ ಫಾಲ್ ಒಂದು ದಿನ ಬಂದು ಹೋಗುವ ಹಬ್ಬ ಅಲ್ಲ. ಅದು ಬೆಟ್ಟದ ತುದಿಯಲ್ಲಿ ಶುರುವಾಗಿ ದಿನಕ್ಕಿಷ್ಟು ಅಂತ ಕೆಳಗೆ ಇಳಿಯುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಬ್ಲೂ ರಿಡ್ಜ್ ಬೆಟ್ಟದ ನೆತ್ತಿ ಕೆಂಪಾಗಿದ್ದರೆ ನಿಮ್ಮ ಮನೆ ಮುಂದಿನ ಮರ ಇನ್ನೂ ಹಸಿರಾಗಿಯೇ ಇರುತ್ತದೆ. ನಿಮ್ಮ ಬೀದಿ ಹಳದಿಯಾಗುವ ಹೊತ್ತಿಗೆ ನವೆಂಬರ್ ಬಂದಿರುತ್ತದೆ, ಬೆಟ್ಟದ ಮೇಲೆ ಬರೀ ಕೊಂಬೆ ಉಳಿದಿರುತ್ತದೆ. ನಾನು ಇಪ್ಪತ್ತು ವರ್ಷದಿಂದ ಈ ಕಡೆ ನೆಂಟರು, ಸ್ನೇಹಿತರು, ಅವರ ಅಪ್ಪ ಅಮ್ಮಂದಿರನ್ನು ಸುತ್ತಿಸುತ್ತಾ ಬಂದಿದ್ದೇನೆ. ಕಲಿತದ್ದು ಇದು: ಬಣ್ಣ ಇಳಿದು ಬರುವ ದಾರಿಯಲ್ಲೇ ನೀವೂ ಇಳಿದು ಬನ್ನಿ. ಒಂದು ದಿನಕ್ಕೆ ಒಂದೇ ಜಾಗ. ಆಗ ನಾಲ್ಕು ದಿನ ಧಾರಾಳ ಸಾಕು.

ಇದಕ್ಕೆ ಕಾರಣ ಸರಳ. ಸಾವಿರ ಅಡಿ ಮೇಲೆ ಹೋದರೆ ಸುಮಾರು 3.5 ಡಿಗ್ರಿ ಫ್ಯಾರನ್‌ಹೀಟ್ ತಂಪು ಜಾಸ್ತಿಯಾಗುತ್ತದೆ. ಬ್ಲೂ ರಿಡ್ಜ್ ಬೆಟ್ಟದ ಮೇಲೆ ಹೋಗುವ ಸ್ಕೈಲೈನ್ ಡ್ರೈವ್ ರಸ್ತೆಯ ಅತಿ ಎತ್ತರದ ಜಾಗ ಸ್ಕೈಲ್ಯಾಂಡ್, 3,680 ಅಡಿ. ನಿಮ್ಮ ಮನೆಗೂ ಅಲ್ಲಿಗೂ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಹಗಲು ಚಿಕ್ಕದಾಗಿ ತಂಪು ಬಿದ್ದ ಕೂಡಲೇ ಮರ ಎಲೆಯ ಹಸಿರನ್ನು ಮಾಡುವುದು ನಿಲ್ಲಿಸುತ್ತದೆ. ಇದ್ದ ಹಸಿರು ಕರಗಿದಾಗ ಒಳಗಿದ್ದ ಹಳದಿ ಕಾಣಿಸುತ್ತದೆ. ಹಳದಿ ಮೊದಲಿಂದಲೂ ಎಲೆಯಲ್ಲೇ ಇತ್ತು, ಹಸಿರಿನ ಕೆಳಗೆ ಮುಚ್ಚಿಹೋಗಿತ್ತು ಅಷ್ಟೆ. ಕೆಂಪಿನ ಕಥೆ ಬೇರೆ. ಅದನ್ನು ಎಲೆ ಆಗ ಹೊಸದಾಗಿ ತಯಾರಿಸುತ್ತದೆ, ಎಲೆಯಲ್ಲಿ ಉಳಿದ ಸಕ್ಕರೆ ಬಳಸಿಕೊಂಡು. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಂಪು ಇದ್ದರೆ ಕೆಂಪು ಚೆನ್ನಾಗಿ ಬರುತ್ತದೆ. ಮೋಡ, ಸೆಕೆ ಇದ್ದ ವರ್ಷ ಮಂಕು. ಅಮ್ಮನಿಗೆ ಇದನ್ನು ಹೋಗುವ ಮೊದಲೇ ಹೇಳಿಡಿ. ಗಿಡ ಬೆಳೆಸಿದವರಿಗೆ ಎಲೆಯೊಳಗೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದರೆ ನೋಡುವ ಖುಷಿಯೇ ಬೇರೆ.

ಇನ್ನೊಂದು ವಿಷಯ. ವಾಟ್ಸಾಪಿನಲ್ಲಿ ಬರುವ ಬೆಂಕಿಯಂಥ ಕೆಂಪು ಕಾಡಿನ ಫೋಟೋಗಳು ಹೆಚ್ಚಾಗಿ ವರ್ಮಾಂಟ್ ಕಡೆಯ ಮೇಪಲ್ ಕಾಡಿನವು. ವರ್ಜೀನಿಯಾದ ಬೆಟ್ಟದಲ್ಲಿ ಓಕ್ ಮತ್ತು ಹಿಕರಿ ಮರಗಳೇ ಜಾಸ್ತಿ. ಇಲ್ಲಿಯದು ಚಿನ್ನದ ಹಳದಿ, ಜೇನಿನ ಬಣ್ಣ, ತುಕ್ಕಿನ ಬಣ್ಣ, ಅಲ್ಲಲ್ಲಿ ಕೆಂಪು. ನನಗಂತೂ ಇದೇ ಇಷ್ಟ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಇಡೀ ಕಣಿವೆ ಹಿತ್ತಾಳೆ ಪಾತ್ರೆ ತೊಳೆದಿಟ್ಟ ಹಾಗೆ ಹೊಳೆಯುತ್ತದೆ. ಆ ಫೋಟೋ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮಾತ್ರ ಸುಮ್ನೆ ಬೇಜಾರಾಗುತ್ತದೆ.

ಮೊದಲ ದಿನ ದ್ರಾಕ್ಷಿ ತೋಟಕ್ಕೆ ಇಡಿ. ಸೆಪ್ಟೆಂಬರ್ ಕೊನೆ, ಹೆಚ್ಚೆಂದರೆ ಅಕ್ಟೋಬರ್ ಮೊದಲ ವಾರ. ಹೆಚ್ಚಿನವರು ಎಡವುವುದು ಇಲ್ಲೇ. ಎಲೆ ಬಣ್ಣ ಬಂದಾಗ ವೈನರಿಗೆ, ಅಂದರೆ ವೈನ್ ಮಾಡುವ ದ್ರಾಕ್ಷಿ ತೋಟಕ್ಕೆ, ಹೋಗುತ್ತಾರೆ, ಅಷ್ಟು ಹೊತ್ತಿಗೆ ಬಳ್ಳಿಯಲ್ಲಿ ಒಂದು ಹಣ್ಣೂ ಇರುವುದಿಲ್ಲ. ಇಲ್ಲಿ ಕೊಯ್ಲು ಆಗಸ್ಟ್ ಕೊನೆಗೇ ಶುರು. ಬಿಳಿ ದ್ರಾಕ್ಷಿ ಮೊದಲು, ಕೆಂಪು ಆಮೇಲೆ. ವಿಯೋನಿಯೆ ಅನ್ನುವ ಬಿಳಿ ತಳಿ ಸೆಪ್ಟೆಂಬರ್ ಅರ್ಧದೊಳಗೆ ಮುಗಿದಿರುತ್ತದೆ. ಕೆಂಪು ತಳಿಗಳಲ್ಲಿ ಕ್ಯಾಬರ್ನೆ ಫ್ರಾಂಕ್ ಆ ತಿಂಗಳ ಕೊನೆಗೆ, ಪೆಟಿ ವೆರ್ಡೊ ಥರದವು ಅಕ್ಟೋಬರ್‌ವರೆಗೆ ನಿಲ್ಲುತ್ತವೆ. ಗೊಂಚಲು ಬೇಕೋ, ಬಣ್ಣದ ಎಲೆ ಬೇಕೋ, ಒಂದನ್ನು ಆರಿಸಿಕೊಳ್ಳಬೇಕು. ಅಮ್ಮನಿಗೆ ಗಿಡ ಮರದ ಮೇಲಿರುವ ಪ್ರೀತಿ ಕೇಳಿದ ಮೇಲೆ ಗೊಂಚಲೇ ಸರಿ ಅಂತ ನನಗನಿಸಿತು.

ಎಲ್ಲಿಗೆ? ಹತ್ತಿರದ ಲೌಡನ್ ಕೌಂಟಿಯಲ್ಲೇ ಬೇಕಾದಷ್ಟು ವೈನರಿಗಳಿವೆ. ಆದರೆ ನಿಮಗೆ ಸ್ವಲ್ಪ ದೂರದ ಬಾರ್ಬರ್ಸ್‌ವಿಲ್ ಹೇಳುತ್ತೇನೆ. ಎರಡು ಗಂಟೆ ದಾರಿ. ಯಾರೂ ಕುಡಿಯದ ಕುಟುಂಬಕ್ಕೂ ಅಲ್ಲಿ ನೋಡಲು ಇದೆ. ತೋಟದ ನಡುವೆ ಒಂದು ಪಾಳು ಮನೆ ನಿಂತಿದೆ. ಇಟ್ಟಿಗೆ ಗೋಡೆ, ದೊಡ್ಡ ಕಂಬಗಳು, ಮೇಲೆ ಸೂರಿಲ್ಲ. ವರ್ಜೀನಿಯಾದ ಗವರ್ನರ್ ಆಗಿದ್ದ ಜೇಮ್ಸ್ ಬಾರ್ಬರ್ ಅವರ ಮನೆ ಅದು. ನಕ್ಷೆ ಹಾಕಿಕೊಟ್ಟವರು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್. 1884ರ ಕ್ರಿಸ್‌ಮಸ್ ದಿನ ಬೆಂಕಿ ಬಿದ್ದು ಸುಟ್ಟುಹೋಯಿತು. ನಡುವಿನ ಕೋಣೆಯ ಎಂಟು ಮೂಲೆ ಈಗಲೂ ಎಣಿಸಬಹುದು.

ಅಪ್ಪನಿಗೆ ಇಲ್ಲಿ ಹೇಳಬೇಕಾದ ಕಥೆ ಒಂದಿದೆ. ಈ ನೆಲದಲ್ಲಿ ವೈನ್ ಮಾಡಬೇಕು ಅನ್ನುವ ಹಟ ಬಹಳ ಹಳೆಯದು. 1619ರಲ್ಲೇ, ಇಂಗ್ಲಿಷರು ಬಂದು ನೆಲೆಸಿದ್ದ ಜೇಮ್ಸ್‌ಟೌನ್‌ನ ಸಭೆ ಕಾನೂನು ಮಾಡಿತು, ಪ್ರತಿ ಮನೆಯ ಯಜಮಾನ ವರ್ಷಕ್ಕೆ ಹತ್ತು ಬಳ್ಳಿ ನೆಡಬೇಕು ಅಂತ. ನೆಟ್ಟರು, ಸತ್ತವು. 1774ರಲ್ಲಿ ಫಿಲಿಪ್ಪೊ ಮಾತ್ಸೇಯಿ ಅನ್ನುವ ಇಟಲಿಯವರು ಜೆಫರ್ಸನ್ ಅವರ ಮನೆ ಮಾಂಟಿಚೆಲ್ಲೊ ಪಕ್ಕದಲ್ಲೇ ತೋಟ ಹಾಕಿದರು. ಅದೂ ಕೈಕೊಟ್ಟಿತು. ಜೆಫರ್ಸನ್ ಸಾಯುವ ತನಕ ತಮ್ಮ ತೋಟದ ಹಣ್ಣಿನಿಂದ ಒಂದು ಬಾಟಲಿ ವೈನ್ ಕಾಣಲಿಲ್ಲ. ಇಲ್ಲಿಯ ಶೆಕೆಗೆ ಬೂಷ್ಟು ರೋಗ ಬರುತ್ತಿತ್ತು. ಅದಕ್ಕಿಂತ ದೊಡ್ಡ ಶತ್ರು ಮಣ್ಣಿನೊಳಗಿತ್ತು: ಫಿಲೋಕ್ಸೆರಾ ಅನ್ನುವ, ಬೇರು ಹೀರುವ ಸಣ್ಣ ಹೇನು. ಅಮೆರಿಕದ ಕಾಡು ಬಳ್ಳಿಗೆ ಅದರ ಜೊತೆ ಬದುಕಿ ಅಭ್ಯಾಸ, ಯುರೋಪಿನ ಬಳ್ಳಿಗೆ ಇಲ್ಲ. ಕೊನೆಗೆ ಸಿಕ್ಕ ದಾರಿ ಕಸಿ. ಕೆಳಗೆ ಅಮೆರಿಕದ ಬೇರು, ಮೇಲೆ ಯುರೋಪಿನ ಬಳ್ಳಿ. 1976ರಲ್ಲಿ ಇಟಲಿಯ ಜೋನಿನ್ ಮನೆತನದವರು ಈ ಬಾರ್ಬರ್ಸ್‌ವಿಲ್ ಜಾಗ ತೆಗೆದುಕೊಂಡು ಯುರೋಪಿನ ತಳಿ ನೆಟ್ಟರು, ಈ ಸಲ ನಿಂತಿತು. ಈಗ ವರ್ಜೀನಿಯಾದಲ್ಲಿ 300ಕ್ಕೂ ಹೆಚ್ಚು ವೈನರಿಗಳಿವೆ. ಯಾವ ಬಳ್ಳಿಯಾದರೂ ಸರಿ, ನೆಲದ ಹತ್ತಿರ ಬಗ್ಗಿ ನೋಡಲು ಅಮ್ಮನಿಗೆ ಹೇಳಿ. ಕಾಂಡದಲ್ಲಿ ಒಂದು ಗಂಟು ಉಬ್ಬಿಕೊಂಡಿರುತ್ತದೆ. ಕಸಿ ಕಟ್ಟಿದ ಜಾಗ ಅದು. ಮುನ್ನೂರೈವತ್ತು ವರ್ಷದ ಸೋಲು ಗೆಲುವು ಆ ಗಂಟಿನಲ್ಲಿದೆ.

ಸಾಲಿನ ಮೇಲೆ ಬಲೆ ಹಾಕಿದ್ದರೆ ಹಣ್ಣು ಇನ್ನೂ ಇದೆ ಅಂತ ಅರ್ಥ, ಹಕ್ಕಿಗಳಿಂದ ಕಾಯಲು ಹಾಕಿರುತ್ತಾರೆ. ಕೈಹಾಕಿ ಕೀಳಬೇಡಿ. ಕೆಲಸದವರು ಯಾರಾದರೂ ಸಿಕ್ಕರೆ ಕೇಳಿ, ಬಿಡುವಿದ್ದರೆ ಒಂದೆರಡು ಹಣ್ಣು ಅವರೇ ಕೊಡುತ್ತಾರೆ. ನಾವು ತಿನ್ನುವ ದ್ರಾಕ್ಷಿಗಿಂತ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಮೇಲೆ ಬೂದಿ ಹಚ್ಚಿದ ಹಾಗೆ ಕಾಣುವುದು ಔಷಧಿ ಅಲ್ಲ, ಹಣ್ಣಿನದೇ ಮೇಣ. ಹಣ್ಣು ಮಾಗಿದೆಯಾ ಅಂತ ನೋಡಲು ಅವರು ಬೀಜವನ್ನು ಕಚ್ಚಿ ನೋಡುತ್ತಾರೆ. ಹಸಿರಾಗಿದ್ದರೆ ಇನ್ನೂ ಬೇಕು, ಕಂದು ತಿರುಗಿ ಕಟಕ್ ಅಂದರೆ ಹದ. ಆಮೇಲೆ ರಸದ ಒಂದು ಹನಿಯನ್ನು ಕೊಳವೆಯಂಥ ಪುಟ್ಟ ಉಪಕರಣದ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ಸಕ್ಕರೆ ಎಷ್ಟಿದೆ ಅಂತ ಓದುತ್ತಾರೆ. ನನ್ನ ಚಿಕ್ಕಮ್ಮ ಅದರೊಳಗೆ ಕಣ್ಣಿಟ್ಟು ನೋಡಿದ್ದು, ಆ ದಿನದ ಉಳಿದ ಎಲ್ಲಕ್ಕಿಂತ ಜಾಸ್ತಿ ನೆನಪಿದೆ ಅಂತ ಈಗಲೂ ಫೋನಿನಲ್ಲಿ ಹೇಳುತ್ತಾರೆ.

ಕುಡಿಯದವರು ವೈನರಿಗೆ ಹೋಗಬಾರದು ಅಂತೇನಿಲ್ಲ. ಟೇಸ್ಟಿಂಗ್ (ಸ್ವಲ್ಪ ಸ್ವಲ್ಪ ವೈನ್ ರುಚಿ ನೋಡುವುದು) ತೆಗೆದುಕೊಂಡವರಿಗಷ್ಟೇ ದುಡ್ಡು ಹಾಕುವ ಜಾಗಗಳು ಬಹಳ ಇವೆ, ಫೋನ್ ಮಾಡಿ ಕೇಳಿಕೊಳ್ಳಿ. ಹಾಗೆಯೇ ಬುತ್ತಿ ತರಬಹುದಾ, ಆ ದಿನ ಮದುವೆ ಏನಾದರೂ ಇದೆಯಾ ಅಂತಲೂ ಕೇಳಿ. ಒಂದು ಸಲ ನಾನು ಕೇಳದೆ ಆರು ಜನರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಮದುವೆ. ಗೇಟಿನಿಂದಲೇ ವಾಪಸ್. ಆ ಆರು ಜನರ ಮುಖ ಇನ್ನೂ ಕಣ್ಣ ಮುಂದಿದೆ. ನಿಮ್ಮ ಯಜಮಾನರು ಟೇಸ್ಟಿಂಗ್ ಮಾಡುವುದಾದರೆ ವಾಪಸ್ ಬರುವಾಗ ಸ್ಟೀರಿಂಗ್ ನಿಮ್ಮ ಕೈಯಲ್ಲಿರಲಿ. ಇಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.08, ಆದರೆ ಆ ಲೆಕ್ಕ ಹಾಕಿಕೊಂಡು ಕೂರಬೇಡಿ. ಬಾಯಲ್ಲಿ ಹಾಕಿ ರುಚಿ ನೋಡಿ ಉಗಿಯಲು ಅಲ್ಲೇ ಪಾತ್ರೆ ಇಟ್ಟಿರುತ್ತಾರೆ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಮಧ್ಯಾಹ್ನದ ಮೇಲೆ ಶಕ್ತಿ ಉಳಿದಿದ್ದರೆ ಪಕ್ಕದಲ್ಲೇ ಮಾಂಟ್‌ಪೀಲಿಯರ್ ಇದೆ. ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರ ಮನೆ. ಅಮೆರಿಕದ ಸಂವಿಧಾನದ ಪಿತಾಮಹ ಅಂತ ಕರೆಯುತ್ತಾರಲ್ಲ, ಅವರು. ಒಂದು ದಿನಕ್ಕೆ ಒಂದೇ ಜಾಗ ಅಂದೆ, ಆದರೆ ಇವೆರಡೂ ಒಂದೇ ಕಥೆಯ ಎರಡು ಪುಟ. ಮನೆಯ ನೆಲಮಾಳಿಗೆಯಲ್ಲಿ, ಅಲ್ಲಿ ಗುಲಾಮರಾಗಿ ದುಡಿದವರ ಬದುಕಿನ ಪ್ರದರ್ಶನ ಇದೆ. ಅಲ್ಲಿ ಇಟ್ಟಿಗೆಯೊಂದರಲ್ಲಿ ಪುಟ್ಟ ಬೆರಳಿನ ಗುರುತು ಕಾಣುತ್ತದೆ. ಹಸಿ ಇಟ್ಟಿಗೆಯನ್ನು ಎತ್ತಿಟ್ಟ ಮಗುವಿನ ಕೈಯದು. ಸ್ವಾತಂತ್ರ್ಯದ ಬಗ್ಗೆ ಬರೆದವರ ಮನೆ ಗೋಡೆಯಲ್ಲೇ ಇದೆ ಅದು. ಇತಿಹಾಸದ ಮೇಷ್ಟ್ರಿಗೆ ನೀವು ಬೇರೇನೂ ವಿವರಿಸಬೇಕಾಗಿಲ್ಲ. ಮನೆ ಹಿಂದೆ 200 ಎಕರೆ ಹಳೆಯ ಕಾಡು ಹಾಗೇ ಉಳಿಸಿದ್ದಾರೆ, ಅಮ್ಮನಿಗೆ.

ಎರಡನೇ ದಿನ ಬೆಟ್ಟ. ಅಕ್ಟೋಬರ್ ಎರಡನೇ ವಾರದ ಕೊನೆಯಿಂದ ಮೂರನೇ ವಾರದೊಳಗೆ. ದಯವಿಟ್ಟು ಶನಿವಾರ ಬೇಡ. ಆಫೀಸಿಗೆ ಒಂದು ರಜೆ ಹಾಕಿ, ಮಂಗಳವಾರವೋ ಬುಧವಾರವೋ ಹೋಗಿ. ನಾಲ್ಕು ದಿನದಲ್ಲಿ ರಜೆ ಹಾಕಲೇಬೇಕಾದ್ದು ಇದೊಂದಕ್ಕೇ. ಶೆನಂಡೋವಾ ನ್ಯಾಷನಲ್ ಪಾರ್ಕಿನ ಗೇಟಿನಲ್ಲಿ ಅಕ್ಟೋಬರ್ ಶನಿವಾರ ಮಧ್ಯಾಹ್ನ ಕಾರಿನ ಸಾಲು ನೋಡಿದವರಿಗೆ ಗೊತ್ತು. ನಾವೊಮ್ಮೆ ಹನ್ನೊಂದು ಗಂಟೆಗೆ ಹೋಗಿ ಆ ಸಾಲಿನಲ್ಲಿ ಸಿಕ್ಕಿಕೊಂಡೆವು. ಹಿಂದಿನ ಸೀಟಿನಲ್ಲಿದ್ದ ಹಿರಿಯರು ಬಾತ್‌ರೂಮ್ ಕೇಳಲು ಸಂಕೋಚಪಟ್ಟು ಸುಮ್ಮನೆ ಕೂತಿದ್ದರು. ಆಮೇಲೆ ಗೊತ್ತಾಗಿ ಬಹಳ ನೊಂದುಕೊಂಡೆ.

ಬೆಳಿಗ್ಗೆ ಆರೂವರೆಗೆ ಹೊರಟರೆ ಎಂಟಕ್ಕೆ ಫ್ರಂಟ್ ರಾಯಲ್ ಗೇಟಿನಲ್ಲಿರುತ್ತೀರಿ. ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ಹಿರಿಯರಿಗೆ ಅಗ್ಗದ ಪಾಸ್ ಇದೆ ಅಂತ ಯಾರಾದರೂ ಹೇಳಬಹುದು. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ, ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ. ಸ್ಕೈಲೈನ್ ಡ್ರೈವ್ ಒಟ್ಟು 105 ಮೈಲಿ, ಇಡೀ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 35 ಮೈಲಿ. ಪೂರ್ತಿ ಓಡಿಸುವ ಯೋಚನೆ ಬೇಡ. ಉತ್ತರದ ತುದಿಯಿಂದ ಸ್ಕೈಲ್ಯಾಂಡ್‌ವರೆಗೆ ಸುಮಾರು 42 ಮೈಲಿ, ಬೇಕಿದ್ದರೆ 51ನೇ ಮೈಲಿಯ ಬಿಗ್ ಮೆಡೋಸ್‌ವರೆಗೆ. ಸಾಕು. ರಸ್ತೆ ಬದಿಯಲ್ಲಿ ಸುಮಾರು 70 ಕಡೆ ಕಾರು ನಿಲ್ಲಿಸಿ ಕಣಿವೆ ನೋಡುವ ಜಾಗಗಳಿವೆ. ಅಪ್ಪ ಕಾರಿನಿಂದ ಹತ್ತು ಹೆಜ್ಜೆ ಇಟ್ಟರೆ ಸಾಕು. ಬೆಳಿಗ್ಗೆ ಪೂರ್ವದ ಕಡೆಯ ನೋಟ ಬಿಟ್ಟು ಪಶ್ಚಿಮದ ಕಡೆ ನಿಲ್ಲಿಸಿ, ಸೂರ್ಯ ಬೆನ್ನ ಹಿಂದೆ ಇದ್ದರೆ ಬಣ್ಣ ಎದ್ದು ಕಾಣುತ್ತದೆ. ಹೊರಡುವ ಮುಂಚೆ ಪಾರ್ಕಿನ ವೆಬ್‌ಕ್ಯಾಮ್ ನೋಡಿ. ಕೆಳಗೆ ಬಿಸಿಲಿದ್ದರೂ ಮೇಲೆ ಮಂಜು ಮುಸುಕಿ ಹತ್ತಡಿ ಆಚೆ ಏನೂ ಕಾಣದ ದಿನಗಳು ಇರುತ್ತವೆ. ಸ್ವೆಟರ್, ಸ್ಕಾರ್ಫ್ ಇರಲಿ. ಪೆಟ್ರೋಲ್ ಕೆಳಗೇ ತುಂಬಿಸಿ, ಮೇಲೆ ಫೋನ್ ಸಿಗ್ನಲ್ ನಂಬಬೇಡಿ.

43ನೇ ಮೈಲಿಯಲ್ಲಿ ಲಿಂಬರ್‌ಲಾಸ್ಟ್ ಅನ್ನುವ ಕಾಲುದಾರಿ ಇದೆ. 1.3 ಮೈಲಿಯ ಸುತ್ತು. ವೀಲ್‌ಚೇರ್ ಹೋಗಲೆಂದೇ ಪುಡಿಕಲ್ಲು ಹಾಕಿ ಮಟ್ಟ ಮಾಡಿದ್ದಾರೆ, ದಾರಿಯುದ್ದಕ್ಕೂ ಬೆಂಚುಗಳಿವೆ. ಅಪ್ಪನ ಮಂಡಿಗೆ ಇಡೀ ಪಾರ್ಕಿನಲ್ಲಿ ಇದೇ ಸರಿ. ಒಂದು ಕಾಲದಲ್ಲಿ ಅಲ್ಲಿ ದೊಡ್ಡ ದೊಡ್ಡ ಹೆಮ್ಲಾಕ್ ಮರಗಳಿದ್ದವು. ಸುಮಾರು ನೂರು ವರ್ಷದ ಹಿಂದೆ ಅವನ್ನು ಕಡಿಯಲು ಹೊರಟಾಗ ಆ್ಯಡಿ ಪೊಲಾಕ್ ಅನ್ನುವ ಹೆಣ್ಣುಮಗಳು ಮರಕ್ಕೆ 10 ಡಾಲರಿನಂತೆ ಕೊಟ್ಟು ನೂರು ಮರ ಉಳಿಸಿದರು. ಕೊಡಲಿಯಿಂದ ತಪ್ಪಿಸಿಕೊಂಡ ಆ ಮರಗಳನ್ನು ಆಮೇಲೆ ಏಷ್ಯಾದಿಂದ ಬಂದ ಒಂದು ಸಣ್ಣ ಹುಳು ತಿಂದುಹಾಕಿತು. ಈಗ ಅಲ್ಲಿ ಬೇರೆ ಮರಗಳು ಬೆಳೆಯುತ್ತಿವೆ. ಕಾಡು ಮೊದಲಿಂದಲೂ ಹೀಗೇ ಇತ್ತು ಅಂತ ನಮಗನಿಸುತ್ತದೆ, ಅಲ್ವಾ? ಈ ಪಾರ್ಕ್ ಆದದ್ದೇ 1935ರಲ್ಲಿ. ಅದಕ್ಕಾಗಿ ಬೆಟ್ಟದ ನೂರಾರು ಕುಟುಂಬಗಳನ್ನು ಎಬ್ಬಿಸಿದರು. ಅವರ ಮನೆಗಳ ಒಲೆಗೂಡು, ಸಮಾಧಿ, ಸೇಬಿನ ಮರ ಈಗಲೂ ಕಾಡಿನ ನಡುವೆ ಸಿಗುತ್ತವೆ. 57ನೇ ಮೈಲಿ ದಾಟಿದ ಮೇಲೆ ಸಿಗುವ ಲೂಯಿಸ್ ಮೌಂಟನ್ ಒಂದು ಕಾಲದಲ್ಲಿ ಕಪ್ಪು ಜನರಿಗೆ ಅಂತ ಬೇರೆ ಮಾಡಿಟ್ಟ ಜಾಗವಾಗಿತ್ತು. ಬಿಗ್ ಮೆಡೋಸ್‌ನ ವಿಸಿಟರ್ ಸೆಂಟರಿನಲ್ಲಿ ಇದೆಲ್ಲ ಮುಚ್ಚಿಡದೆ ಹೇಳಿದ್ದಾರೆ. ಅಪ್ಪನಿಗೆ ಅಲ್ಲಿ ಒಂದು ಗಂಟೆ ಬೇಕು, ಅವಸರ ಮಾಡಬೇಡಿ.

ಅಮ್ಮನ ವಿಷಯದಲ್ಲಿ ಒಂದು ಎಚ್ಚರ, ಇದು ಮುಖ್ಯ. ಮರದ ಕಾಂಡಕ್ಕೆ ಹಬ್ಬಿ ಎಲ್ಲಕ್ಕಿಂತ ಮೊದಲು ಕಡು ಕೆಂಪಾಗುವ ಬಳ್ಳಿಗಳು ಎರಡು. ಒಂದು ವರ್ಜೀನಿಯಾ ಕ್ರೀಪರ್, ಒಂದು ತೊಟ್ಟಿಗೆ ಐದು ಎಲೆ. ಇನ್ನೊಂದು ಪಾಯಿಸನ್ ಐವಿ, ಮೂರು ಎಲೆ. ಮೂರೆಲೆಯದ್ದು ಮುಟ್ಟಿದರೆ ವಾರಗಟ್ಟಲೆ ತುರಿಕೆ, ಗುಳ್ಳೆ. ನೋಡಲು ಎರಡೂ ಸುಂದರ, ಚಂದ ಇದೆ ಅಂತ ಕೈಹಾಕುವುದೂ ಸಹಜ. ಮನೆಯಲ್ಲೇ ಫೋಟೋ ತೋರಿಸಿ. ಹೇಗೂ ನ್ಯಾಷನಲ್ ಪಾರ್ಕಿನಲ್ಲಿ ಗಿಡದಿಂದ ಎಲೆ ಕೀಳುವ ಹಾಗಿಲ್ಲ. ಹುಲ್ಲಿನಲ್ಲಿ ನಡೆದು ಬಂದ ರಾತ್ರಿ ಕಾಲು, ಮಂಡಿ ಹಿಂದೆ ಟಿಕ್ ಅನ್ನುವ ಉಣ್ಣೆ ಹತ್ತಿದೆಯಾ ನೋಡಿ. ಚಳಿ ಬಂತಲ್ಲ, ಹುಳ ಇರಲ್ಲ ಅಂದುಕೊಳ್ಳಬೇಡಿ, ಇಲ್ಲಿ ಫಾಲ್‌ನಲ್ಲೂ ಇರುತ್ತವೆ. ಇನ್ನು ಸಂಜೆ ಕತ್ತಲಾಗುವ ಮುಂಚೆ ಬೆಟ್ಟ ಇಳಿಯಿರಿ. ಅಕ್ಟೋಬರ್, ನವೆಂಬರ್ ಜಿಂಕೆಗಳು ಕೂಡುವ ಕಾಲ, ಮುಸ್ಸಂಜೆಯಲ್ಲಿ ಹಿಂದೆ ಮುಂದೆ ನೋಡದೆ ರಸ್ತೆಗೆ ನುಗ್ಗುತ್ತವೆ.

ಮೂರನೇ ದಿನಕ್ಕೆ ಹಾರ್ಪರ್ಸ್ ಫೆರಿ. ಅಕ್ಟೋಬರ್ ಕೊನೆಯ ವಾರ. ನಿಮ್ಮ ಪಟ್ಟಿಯ ಹನ್ನೊಂದರಲ್ಲಿ ಒಂದೇ ಒಂದು ನೋಡಲು ಆಗುವುದಾದರೆ ಇದನ್ನೇ ನೋಡಿ ಅನ್ನುತ್ತೇನೆ. ಸಣ್ಣ ಊರು, ಇತಿಹಾಸ, ಬಣ್ಣ ಮೂರೂ ಒಂದೇ ಕಡೆ. ಪೊಟೊಮ್ಯಾಕ್ ಮತ್ತು ಶೆನಂಡೋವಾ ನದಿಗಳು ಅಲ್ಲಿ ಕೂಡುತ್ತವೆ. ನೀವು ನಿಂತಿರುವುದು ವೆಸ್ಟ್ ವರ್ಜೀನಿಯಾ, ಎಡಕ್ಕೆ ಕಾಣುವ ಬೆಟ್ಟ ಮೇರಿಲ್ಯಾಂಡ್, ಬಲಕ್ಕೆ ಕಾಣುವುದು ವರ್ಜೀನಿಯಾ. ಜೆಫರ್ಸನ್ 1783ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದಿದ್ದರು. ಇದನ್ನು ನೋಡಲು ಅಟ್ಲಾಂಟಿಕ್ ದಾಟಿ ಬಂದರೂ ಸಾರ್ಥಕ ಅನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾರೆ. ನಿಮ್ಮ ಅಪ್ಪ ಅಮ್ಮ ನಿಜಕ್ಕೂ ಅಷ್ಟು ದೂರ ದಾಟಿ ಬಂದವರು, ಆ ಮಾತು ಅವರಿಗೆ ಹೇಳಿ.

ಊರೊಳಗೆ ಕಾರು ತೆಗೆದುಕೊಂಡು ಹೋಗಬೇಡಿ. ಮೇಲಿನ ವಿಸಿಟರ್ ಸೆಂಟರಿನಲ್ಲಿ ನಿಲ್ಲಿಸಿ, ಕಾರಿಗೆ 20 ಡಾಲರ್. ಅಲ್ಲಿಂದ ಶಟಲ್ ಬಸ್ಸು ಕೆಳಗಿನ ಹಳೇ ಪೇಟೆಗೆ ಬಿಡುತ್ತದೆ. ಕೆಳಗೆ ನೆಲ ಹೆಚ್ಚು ಕಡಿಮೆ ಮಟ್ಟ, ಆದರೆ ಕಲ್ಲು ಹಾಸು ಏರುಪೇರು. ಅಪ್ಪನಿಗೆ ಕೋಲು, ಒಳ್ಳೆ ಶೂ ಬೇಕು. ಚಪ್ಪಲಿ ಬೇಡ.

ಬಸ್ಸಿಳಿದು ನದಿಯ ಕಡೆ ನಡೆದರೆ ಒಂದು ಪುಟ್ಟ ಇಟ್ಟಿಗೆ ಕಟ್ಟಡ ಸಿಗುತ್ತದೆ. ಬೆಂಕಿ ಆರಿಸುವ ಗಾಡಿ ಇಡುತ್ತಿದ್ದ ಶೆಡ್ಡು. 1859ರ ಅಕ್ಟೋಬರ್ 16ರ ರಾತ್ರಿ ಜಾನ್ ಬ್ರೌನ್ ಅನ್ನುವ ಮನುಷ್ಯ 21 ಜನರನ್ನು ಕಟ್ಟಿಕೊಂಡು ಇಲ್ಲಿಯ ಸರ್ಕಾರಿ ಬಂದೂಕು ಕಾರ್ಖಾನೆಯ ಮೇಲೆ ಬಿದ್ದ. ಆ ಆಯುಧ ಹಂಚಿ ಗುಲಾಮರನ್ನು ಎಬ್ಬಿಸಬೇಕು ಅನ್ನುವುದು ಅವನ ಲೆಕ್ಕ. ಲೆಕ್ಕ ತಪ್ಪಿತು. ಆ ಗಲಾಟೆಯಲ್ಲಿ ಮೊದಲು ಸತ್ತವರು ಹೇವರ್ಡ್ ಶೆಫರ್ಡ್, ರೈಲ್ವೆಯಲ್ಲಿ ಕೆಲಸಕ್ಕಿದ್ದ ಕಪ್ಪು ಮನುಷ್ಯ, ಅವರು ಗುಲಾಮರೂ ಆಗಿರಲಿಲ್ಲ. ಕೊನೆಗೆ ಬ್ರೌನ್ ಈ ಶೆಡ್ಡಿನೊಳಗೆ ಸಿಕ್ಕಿಬಿದ್ದ. ಹಿಡಿಯಲು ಬಂದ ಪಡೆಯ ಮುಂದಾಳು ರಾಬರ್ಟ್ ಲೀ. ಎರಡೇ ವರ್ಷದಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಅದೇ ಲೀ ಗುಲಾಮಗಿರಿ ಬಿಡದ ದಕ್ಷಿಣದವರ ಪರ ನಿಂತರು. ಬ್ರೌನ್‌ಗೆ ಡಿಸೆಂಬರ್ 2ರಂದು ಗಲ್ಲಾಯಿತು.

ಆ ಕಟ್ಟಡದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಬಿಚ್ಚಿ 1893ರ ಷಿಕಾಗೋ ವಿಶ್ವ ಮೇಳದ ಸಮಯದಲ್ಲಿ ಅಲ್ಲಿಗೆ ಸಾಗಿಸಿದರು. ಸ್ವಾಮಿ ವಿವೇಕಾನಂದರು ಮಾತಾಡಿದ ಷಿಕಾಗೋ, ಅದೇ ವರ್ಷ. ಆಮೇಲೆ ವಾಪಸ್ ತಂದು ಊರಾಚೆಯ ಹೊಲದಲ್ಲಿ ಕಟ್ಟಿದರು, ಅಲ್ಲಿಂದ ಕಪ್ಪು ಮಕ್ಕಳು ಓದುತ್ತಿದ್ದ ಸ್ಟೋರರ್ ಕಾಲೇಜಿಗೆ, ಕೊನೆಗೆ ಮತ್ತೆ ನದಿಯ ಹತ್ತಿರಕ್ಕೆ. ಮೊದಲು ಇದ್ದ ಜಾಗದಲ್ಲಿ ಈಗ ರೈಲ್ವೆ ದಿಬ್ಬ ಇದೆ, ಅದರ ಮೇಲೆ ಒಂದು ಬಿಳಿ ಕಂಬ ನೆಟ್ಟಿದ್ದಾರೆ. ಕಟ್ಟಡದ ಬಾಗಿಲಲ್ಲಿ ನಿಂತು ಕಂಬ ಹುಡುಕಲು ಅಪ್ಪನಿಗೆ ಹೇಳಿ. ಹತ್ತಿರದ ಗೋಡೆಯೊಂದರ ಮೇಲೆ ಪ್ರವಾಹದ ನೀರು ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು ಅಂತ ಗೆರೆ ಹಾಕಿದ್ದಾರೆ. 1936ರ ಗೆರೆ ನೋಡಲು ತಲೆ ಪೂರ್ತಿ ಎತ್ತಬೇಕು.

ಜೆಫರ್ಸನ್ ನಿಂತ ಬಂಡೆಗೆ ಕಡಿದಾದ ಮೆಟ್ಟಿಲಿದೆ. ಅಪ್ಪ ಹತ್ತುವುದು ಬೇಡ. ಅದಕ್ಕಿಂತ ಒಳ್ಳೆಯದು ರೈಲು ಸೇತುವೆಗೆ ಅಂಟಿಕೊಂಡಿರುವ ಕಾಲುಸೇತುವೆ. ಮಟ್ಟವಾಗಿದೆ. ಆಚೆ ತುದಿಯಲ್ಲಿ ಸುರುಳಿ ಮೆಟ್ಟಿಲು ಇರುವುದರಿಂದ ನಡುವಿನವರೆಗೆ ಹೋಗಿ ನಿಲ್ಲಿ. ಎರಡು ನದಿ, ಮೂರು ಬೆಟ್ಟ, ಹಳದಿ ತಿರುಗಿದ ಸಿಕಮೋರ್ ಮರಗಳು. ಗೂಡ್ಸ್ ರೈಲು ಬಂದರೆ ಕಾಲಡಿ ಸೇತುವೆ ನಡುಗುತ್ತದೆ. ಜಾರ್ಜಿಯಾದಿಂದ ಮೇಯ್ನ್‌ವರೆಗೆ 2,190 ಮೈಲಿಗೂ ಉದ್ದ ಹೋಗುವ ಅಪಲೇಚಿಯನ್ ಟ್ರೇಲ್ ಅನ್ನುವ ಕಾಲುದಾರಿ ಹಾಯುವುದು ಈ ಸೇತುವೆ ಮೇಲೆಯೇ. ಮಂಡಿ ನೋವಿನ ಅಪ್ಪ ಅದರ ಮೇಲೆ ನೂರು ಗಜ ನಡೆದೆ ಅಂತ ಊರಿಗೆ ಹೋಗಿ ಹೇಳಬಹುದು. ಸುಳ್ಳೇನೂ ಅಲ್ಲ.

ನಿಮ್ಮ ಪಟ್ಟಿಯಲ್ಲಿರುವ ವಾಟರ್‌ಫರ್ಡ್ ಬರುವ ದಾರಿಯಲ್ಲೇ ಸಿಗುತ್ತದೆ. 1733ರಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಕಟ್ಟಿದ ಹಳ್ಳಿ. ಬಹಳ ಚೆಂದ. ಆದರೆ ಅದು ಜನ ಸಂಸಾರ ಮಾಡುತ್ತಿರುವ ಊರು, ಅಂಗಡಿ ಹೋಟೆಲಿನ ಸಾಲು ಇಲ್ಲ. ಅರ್ಧ ಗಂಟೆ ನಿಧಾನ ನಡೆದು ಬರಬೇಕು ಅಷ್ಟೆ. ಹತ್ತಿರದ ಲೀಸ್‌ಬರ್ಗ್ ಊರಿನಲ್ಲಿ ಬಾತ್‌ರೂಮ್ ಮುಗಿಸಿಕೊಂಡು ಇನ್ನೊಂದು ದಿನ ಸಂಜೆ ಹೋಗಿಬನ್ನಿ. ಲುರೇ ಗುಹೆಗಳು ಅದ್ಭುತ, ಆದರೆ ನೆಲದೊಳಗೆ ಫಾಲ್ ಇಲ್ಲ, ಅದನ್ನು ಬೇರೆ ಕಾಲಕ್ಕೆ ಇಟ್ಟುಕೊಳ್ಳಿ. ಮಿಡಲ್‌ಬರ್ಗ್ ಬಿಡಿ, ಅಕ್ಟೋಬರ್‌ನಲ್ಲಿ ಪಾರ್ಕಿಂಗ್ ಹುಡುಕುವುದೇ ಆಗುತ್ತದೆ.

ನಾಲ್ಕನೇ ದಿನ ನವೆಂಬರ್ ಮೊದಲ ವಾರ, ಮನಾಸಸ್ ಯುದ್ಧಭೂಮಿ. ನಿಮ್ಮ ಮನೆಯಿಂದ ಅರ್ಧ ಗಂಟೆ. ಪ್ರವೇಶಕ್ಕೆ ದುಡ್ಡಿಲ್ಲ. ಬಣ್ಣ ಆ ಹೊತ್ತಿಗೆ ನಿಮ್ಮ ಮಟ್ಟಕ್ಕೆ ಇಳಿದಿರುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಸೂರ್ಯ ಐದು ಗಂಟೆ ಸುಮಾರಿಗೇ ಮುಳುಗುತ್ತಾನೆ. ಹಾಗಾಗಿ ದೂರದ ಪ್ರಯಾಣ ಬೇಡ. ಊಟ ಮುಗಿಸಿ ಎರಡು ಗಂಟೆಗೆ ಹೊರಟರೂ ಆಯಿತು.

ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ ಅಲ್ಲಿ ನಡೆದದ್ದು 1861ರ ಜುಲೈ 21ರಂದು. ಅದನ್ನು ನೋಡಲು ವಾಷಿಂಗ್ಟನ್‌ನಿಂದ ಜನ ತಿಂಡಿ ಬುಟ್ಟಿ ಕಟ್ಟಿಕೊಂಡು ಗಾಡಿಗಳಲ್ಲಿ ಬಂದಿದ್ದರು. ಒಂದು ಮಧ್ಯಾಹ್ನದಲ್ಲಿ ಯುದ್ಧ ಮುಗಿದುಹೋಗುತ್ತದೆ ಅಂದುಕೊಂಡಿದ್ದರು. ನಾಲ್ಕು ವರ್ಷ ನಡೆಯಿತು. ಹೆನ್ರಿ ಹಿಲ್ ಅನ್ನುವ ಹುಲ್ಲಿನ ದಿಬ್ಬದ ಮೇಲೆ ಸುಮಾರು ಒಂದು ಮೈಲಿಯ ಸುತ್ತು ದಾರಿ ಇದೆ. ಫಿರಂಗಿಗಳನ್ನು ಆವತ್ತು ಇದ್ದ ಹಾಗೇ ಎದುರುಬದುರು ನಿಲ್ಲಿಸಿದ್ದಾರೆ. ನಡುವೆ ಒಂದು ಪುಟ್ಟ ಬಿಳಿ ಮನೆ. ಅದೇ ಜಾಗದ ಹಳೇ ಮನೆಯಲ್ಲಿ ಜೂಡಿತ್ ಹೆನ್ರಿ ಅನ್ನುವ ವಿಧವೆ ಇದ್ದರು. ಎಂಬತ್ತು ದಾಟಿದವರು, ಹಾಸಿಗೆ ಹಿಡಿದಿದ್ದರು. ಅವರು ಮಲಗಿದ್ದ ಕೋಣೆಗೆ ಫಿರಂಗಿ ಗುಂಡು ಬಿತ್ತು. ಅವರ ಸಮಾಧಿ ಮನೆಯ ಅಂಗಳದಲ್ಲೇ ಇದೆ, ಸುತ್ತ ಬೇಲಿ ಹಾಕಿದ್ದಾರೆ. ಸಂಜೆ ನಾಲ್ಕರ ಹೊತ್ತಿಗೆ ಆ ಬೇಲಿಯ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ, ಹಿಂದೆ ಓಕ್ ಮರಗಳ ಸಾಲು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಹೆಚ್ಚು ಜನ ಬರುವುದಿಲ್ಲ. ಮಡಚುವ ಕುರ್ಚಿ ಎರಡು, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ.